ಗ್ಯಾಸ್ಟ್ರಿಕ್ ಬೈಪಾಸ್ ಶಸ್ತ್ರಚಿಕಿತ್ಸೆ: ಪದೇ ಪದೇ ಕೇಳುವ ಪ್ರಶ್ನೆಗಳು

ಬೊಜ್ಜಿಗೆ ಶಸ್ತ್ರಚಿಕಿತ್ಸೆ ಎಂದೊಡನೆ ಒಬ್ಬರು ‘ಅದು ಸೋಮಾರಿಗಳ ದಾರಿ’ ಎನ್ನುತ್ತಾರೆ. ಇನ್ನೊಬ್ಬರು ‘ಒಮ್ಮೆ ಮಾಡಿಸಿಕೊಂಡರೆ ಮುಗಿಯಿತು, ಮತ್ತೆ ಚಿಂತೆಯೇ ಇಲ್ಲ’ ಎನ್ನುತ್ತಾರೆ. ಎರಡೂ ತಪ್ಪು, ಎರಡನೆಯದು ಹೆಚ್ಚು ಅಪಾಯದ್ದು. ಶಸ್ತ್ರಚಿಕಿತ್ಸೆಯ ಬಗ್ಗೆ ಯೋಚಿಸುತ್ತಿರುವವರು, ಈಗಾಗಲೇ ಮಾಡಿಸಿಕೊಂಡವರು ಮತ್ತು ಅವರ ಮನೆಯವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ನಿಮ್ಮನ್ನು ಪರೀಕ್ಷಿಸಿ ನೋಡಿದ ವೈದ್ಯರ ಮಾತಿಗೆ ಇವು ಬದಲಿಯಲ್ಲ.

ಗ್ಯಾಸ್ಟ್ರಿಕ್ ಬೈಪಾಸ್‌ನಲ್ಲಿ ನಿಜವಾಗಿ ಏನು ಮಾಡುತ್ತಾರೆ?

ಜಠರದ ಮೇಲ್ಭಾಗದಲ್ಲಿ ಒಂದು ಸಣ್ಣ ಚೀಲವನ್ನು ಬೇರ್ಪಡಿಸುತ್ತಾರೆ. ಅದರಲ್ಲಿ ಹಿಡಿಸುವುದು ಸುಮಾರು 30 ಮಿಲಿಲೀಟರ್, ಕೋಳಿಮೊಟ್ಟೆಗಿಂತಲೂ ಚಿಕ್ಕದು. ಉಳಿದ ದೊಡ್ಡ ಜಠರವನ್ನು ತೆಗೆದು ಹಾಕುವುದಿಲ್ಲ. ಅದು ಒಳಗೇ ಇರುತ್ತದೆ, ರಸವನ್ನೂ ಸ್ರವಿಸುತ್ತಿರುತ್ತದೆ, ಆದರೆ ಆಹಾರ ಅದರೊಳಗೆ ಹೋಗುವುದಿಲ್ಲ.

ಬಳಿಕ ಸಣ್ಣ ಕರುಳನ್ನು ಆರಂಭದ ಭಾಗದಿಂದ ಸ್ವಲ್ಪ ಕೆಳಗೆ ಕತ್ತರಿಸುತ್ತಾರೆ. ಕೆಳಗಿನ ತುದಿಯನ್ನು ಮೇಲಕ್ಕೆ ತಂದು ಹೊಸ ಚೀಲಕ್ಕೆ ಹೊಲಿಯುತ್ತಾರೆ. ಪಿತ್ತರಸ ಮತ್ತು ಮೇದೋಜೀರಕ ರಸವನ್ನು ಹೊತ್ತು ಬರುವ ಮೇಲಿನ ತುದಿಯನ್ನು ಇನ್ನೂ ಕೆಳಗೆ, ಸಾಮಾನ್ಯವಾಗಿ ಒಂದು ಮೀಟರ್ ಆಸುಪಾಸಿನಲ್ಲಿ, ಕರುಳಿಗೆ ಸೇರಿಸುತ್ತಾರೆ. ಆಹಾರ ಒಂದು ದಾರಿಯಲ್ಲಿ, ಜೀರ್ಣರಸ ಇನ್ನೊಂದು ದಾರಿಯಲ್ಲಿ ಬಂದು ಅಲ್ಲಿ ಕೂಡಿಕೊಳ್ಳುತ್ತವೆ. ಇಂಗ್ಲಿಷಿನ ‘ವೈ’ ಅಕ್ಷರದಂತೆ ಕಾಣುವ ಈ ಜೋಡಣೆಗೆ ಸ್ವಿಟ್ಜರ್ಲೆಂಡಿನ ಶಸ್ತ್ರವೈದ್ಯ ಸೀಸರ್ ರೂ ಅವರ ಹೆಸರಿದೆ. ವೈದ್ಯರ ವರದಿಯಲ್ಲಿ ‘ರೂ-ಎನ್-ವೈ’ ಎಂದು ಬರೆದಿದ್ದರೆ ಅದು ಇದೇ.

ಈ ಶಸ್ತ್ರಚಿಕಿತ್ಸೆ ನಿನ್ನೆ ಮೊನ್ನೆಯದಲ್ಲ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಎಡ್ವರ್ಡ್ ಮೇಸನ್ ಮತ್ತು ಚಿಕಾಶಿ ಇಟೊ 1967ರಲ್ಲಿ ಇದರ ಮೊದಲ ರೂಪವನ್ನು ಪ್ರಕಟಿಸಿದರು. ಹುಣ್ಣಿನ ಕಾರಣಕ್ಕೆ ಜಠರದ ಭಾಗವನ್ನು ತೆಗೆಸಿಕೊಂಡವರು ತೂಕ ಕಳೆದುಕೊಳ್ಳುತ್ತಿದ್ದುದೇ ಇದಕ್ಕೆ ಪ್ರೇರಣೆ. ‘ವೈ’ ಜೋಡಣೆ ಆಮೇಲೆ ಬಂದಿತು. 1990ರ ದಶಕದಲ್ಲಿ ಲ್ಯಾಪರೊಸ್ಕೋಪಿ, ಅಂದರೆ ಸಣ್ಣ ರಂಧ್ರಗಳ ಮೂಲಕ ಕ್ಯಾಮೆರಾ ತೂರಿಸಿ ಮಾಡುವ ವಿಧಾನ, ಬಳಕೆಗೆ ಬಂದಿತು. ಈಗ ಬಹುಪಾಲು ನಡೆಯುವುದು ಹಾಗೆಯೇ.

ಕೊಬ್ಬನ್ನು ಹೀರಿ ತೆಗೆಯುವುದು ಇದೇ ಅಲ್ಲವೇ?

ಅಲ್ಲ. ಅದು ಲೈಪೊಸಕ್ಷನ್, ಅಂದಕ್ಕಾಗಿ ಮಾಡುವಂಥದ್ದು. ಬೊಜ್ಜಿನ ಕಾಯಿಲೆಗೆ ಅದು ಚಿಕಿತ್ಸೆಯಲ್ಲ. ಬೈಪಾಸ್‌ನಲ್ಲಿ ಒಂದು ಗ್ರಾಂ ಕೊಬ್ಬನ್ನೂ ತೆಗೆಯುವುದಿಲ್ಲ.

ಹಾಗಾದರೆ ತೂಕ ಇಳಿಯುವುದು ಹೇಗೆ?

ಹೊಟ್ಟೆ ಚಿಕ್ಕದಾಯಿತು, ಊಟ ಕಡಿಮೆಯಾಯಿತು, ತೂಕ ಇಳಿಯಿತು: ಬಹಳ ಕಾಲ ವೈದ್ಯರೂ ಹೀಗೆಯೇ ತಿಳಿದಿದ್ದರು. ಅದಷ್ಟೇ ಆಗಿದ್ದರೆ ಶಸ್ತ್ರಚಿಕಿತ್ಸೆಯಾದವರು ದಿನವಿಡೀ ಹಸಿವಿನಿಂದ ಒದ್ದಾಡಬೇಕಿತ್ತು. ಹಾಗಾಗುವುದಿಲ್ಲ. ಎಷ್ಟೋ ಮಂದಿ ‘ತಿನ್ನಬೇಕೆಂದೇ ಅನಿಸುವುದಿಲ್ಲ’ ಎನ್ನುತ್ತಾರೆ.

ಕಾರಣ ಹಾರ್ಮೋನುಗಳು. ಆಹಾರ ಜಠರದಲ್ಲಿ ತಂಗದೆ ನೇರವಾಗಿ ಸಣ್ಣ ಕರುಳಿನ ಮುಂದಿನ ಭಾಗಕ್ಕೆ ಇಳಿಯುವುದರಿಂದ ಅಲ್ಲಿನ ಕೋಶಗಳು ಜಿಎಲ್‌ಪಿ-1, ಪಿವೈವೈ ಎಂಬ ಹಾರ್ಮೋನುಗಳನ್ನು ಮೊದಲಿಗಿಂತ ಹಲವು ಪಟ್ಟು ಹೆಚ್ಚು ಸುರಿಸುತ್ತವೆ. ಇವು ಮಿದುಳಿಗೆ ‘ಸಾಕು’ ಎಂದು ತಿಳಿಸುತ್ತವೆ. ಜಿಎಲ್‌ಪಿ-1 ಇನ್ಸುಲಿನ್ ಬಿಡುಗಡೆಗೂ ಕುಮ್ಮಕ್ಕು ಕೊಡುತ್ತದೆ. ಪಿತ್ತಾಮ್ಲಗಳು ಮತ್ತು ಕರುಳಿನ ಬ್ಯಾಕ್ಟೀರಿಯಾಗಳೂ ಬದಲಾಗುತ್ತವೆ. ಕೆಲವರಿಗೆ ಸಿಹಿ, ಜಿಡ್ಡಿನ ಮೇಲಿನ ಆಸೆಯೇ ಕುಗ್ಗುತ್ತದೆ. ಆಹಾರ ಹೀರಿಕೆಯಾಗದೆ ಹೊರಹೋಗುವುದರ ಪಾಲು ಜನ ಭಾವಿಸುವಷ್ಟು ದೊಡ್ಡದಲ್ಲ. ಹೀರಿಕೆಯಲ್ಲಿ ನಿಜವಾದ ನಷ್ಟ ಆಗುವುದು ವಿಟಮಿನ್ ಮತ್ತು ಖನಿಜಗಳದ್ದು. ಆ ಮಾತು ಮುಂದೆ ಬರುತ್ತದೆ.

ಮನಸ್ಸು ಗಟ್ಟಿ ಮಾಡಿ ಊಟ ಕಡಿಮೆ ಮಾಡಿದರೆ ಆಗದೇ?

ಸ್ವಲ್ಪ ತೂಕ ಹೆಚ್ಚಿರುವವರಿಗೆ ಆಗಬಹುದು. ತೀವ್ರ ಬೊಜ್ಜಿರುವವರಲ್ಲಿ ಬಹುತೇಕರು ಈ ಪ್ರಶ್ನೆಯನ್ನು ಕೇಳುವವರಿಗಿಂತ ಹೆಚ್ಚು ಬಾರಿ ಪಥ್ಯ ಮಾಡಿ ನೋಡಿದವರೇ ಆಗಿರುತ್ತಾರೆ. ತೂಕ ಇಳಿದಾಗ ದೇಹ ಶಕ್ತಿಯ ವೆಚ್ಚವನ್ನು ತಗ್ಗಿಸುತ್ತದೆ, ಹಸಿವಿನ ಹಾರ್ಮೋನುಗಳನ್ನು ಏರಿಸುತ್ತದೆ, ಹಳೆಯ ತೂಕಕ್ಕೆ ಮರಳಲು ತಿಂಗಳುಗಟ್ಟಲೆ ಎಳೆಯುತ್ತಲೇ ಇರುತ್ತದೆ. ಇದರಲ್ಲಿ ಅನುವಂಶೀಯತೆಯ ಪಾತ್ರವೂ ದೊಡ್ಡದು. ಮಂಡಿ ಸವೆದವರಿಗೆ ಶಸ್ತ್ರಚಿಕಿತ್ಸೆ ಮಾಡುವಾಗ ಯಾರೂ ಅವರ ಮನೋಬಲವನ್ನು ಪ್ರಶ್ನಿಸುವುದಿಲ್ಲ. ಇಲ್ಲಿ ಮಾತ್ರ ಪ್ರಶ್ನಿಸುವುದು ಅನ್ಯಾಯ.

ಯಾರಿಗೆ ಇದು ಸೂಕ್ತ?

ತೂಕವನ್ನು ಕಿಲೋಗ್ರಾಂನಲ್ಲಿ ತೆಗೆದುಕೊಂಡು, ಎತ್ತರದ (ಮೀಟರ್‌ನಲ್ಲಿ) ವರ್ಗದಿಂದ ಭಾಗಿಸಿದರೆ ಬರುವುದು ಬಿಎಂಐ. 1991ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು ಹಾಕಿಕೊಟ್ಟ ಗೆರೆ ಬಹುಕಾಲ ನಡೆದುಬಂದಿತು: ಬಿಎಂಐ 40 ಅಥವಾ ಹೆಚ್ಚು, ಇಲ್ಲವೇ 35ರ ಜೊತೆಗೆ ಬೊಜ್ಜಿನಿಂದ ಬಂದ ಗಂಭೀರ ಕಾಯಿಲೆ. 2022ರಲ್ಲಿ ಬೊಜ್ಜು ಶಸ್ತ್ರವೈದ್ಯರ ಅಮೆರಿಕನ್ ಮತ್ತು ಅಂತರರಾಷ್ಟ್ರೀಯ ಸಂಘಗಳು ಈ ಗೆರೆಯನ್ನು ಸಡಿಲಿಸಿದವು. ಬಿಎಂಐ 35 ದಾಟಿದವರಿಗೆ ಬೇರೆ ಕಾಯಿಲೆ ಇರಲಿ ಬಿಡಲಿ ಶಿಫಾರಸು ಮಾಡಬಹುದು, 30 ದಾಟಿದವರಿಗೆ ಮಧುಮೇಹದಂಥ ತೊಂದರೆಯಿದ್ದರೆ ಪರಿಗಣಿಸಬಹುದು ಎಂದವು. ಏಷ್ಯಾ ಮೂಲದವರಲ್ಲಿ ಕಡಿಮೆ ತೂಕಕ್ಕೇ ಮಧುಮೇಹ ಕಾಣಿಸಿಕೊಳ್ಳುವುದರಿಂದ ಅವರಿಗೆ 27.5ರಿಂದಲೇ ಯೋಚಿಸಬಹುದು ಎಂಬ ಮಾತೂ ಅದರಲ್ಲಿದೆ. 1.65 ಮೀಟರ್ ಎತ್ತರದವರಿಗೆ ಬಿಎಂಐ 35 ಎಂದರೆ ಸುಮಾರು 95 ಕಿಲೋ.

ಆದರೆ ಅಂಕಿಯೊಂದೇ ಸಾಲದು. ಮದ್ಯ ಅಥವಾ ಮಾದಕ ವಸ್ತುವಿನ ಚಟ ಬಿಡದವರು, ತೀವ್ರ ಮಾನಸಿಕ ಕಾಯಿಲೆಗೆ ಇನ್ನೂ ಚಿಕಿತ್ಸೆ ಪಡೆಯದವರು, ಗರ್ಭಿಣಿಯರು, ದೊಡ್ಡ ಅರಿವಳಿಕೆಯನ್ನು ತಾಳಲಾರದ ಹೃದಯವಿರುವವರು ಸದ್ಯಕ್ಕೆ ಬೇಡವೆನ್ನಿಸಿಕೊಳ್ಳುತ್ತಾರೆ. ನನ್ನ ಕೇಳಿದರೆ ಇನ್ನೊಂದು ಷರತ್ತು ಸೇರಿಸುತ್ತೇನೆ: ವರ್ಷಕ್ಕೊಮ್ಮೆ ರಕ್ತಪರೀಕ್ಷೆಗೆ ಬರಲು ಸಾಧ್ಯವೇ ಇಲ್ಲ ಎನ್ನುವವರು ಈ ಶಸ್ತ್ರಚಿಕಿತ್ಸೆಯನ್ನು ಮಾಡಿಸಿಕೊಳ್ಳದಿರುವುದೇ ಲೇಸು.

ಈಗ ಚುಚ್ಚುಮದ್ದುಗಳು ಬಂದಿವೆಯಲ್ಲ, ಚಾಕು ಯಾಕೆ?

ನ್ಯಾಯವಾದ ಪ್ರಶ್ನೆ. ದೊಡ್ಡ ಪ್ರಯೋಗಗಳಲ್ಲಿ ಸೆಮಾಗ್ಲುಟೈಡ್ ಪಡೆದವರು ಸರಾಸರಿ ಶೇ 15ರಷ್ಟು, ಟಿರ್ಜೆಪಟೈಡ್‌ನ ಗರಿಷ್ಠ ಪ್ರಮಾಣ ಪಡೆದವರು ಶೇ 20ರ ಆಸುಪಾಸಿನಷ್ಟು ದೇಹತೂಕ ಕಳೆದುಕೊಂಡರು. ಬೈಪಾಸ್‌ನಲ್ಲಿ ಒಂದೆರಡು ವರ್ಷಗಳಲ್ಲಿ ಒಟ್ಟು ತೂಕದ ಶೇ 25ರಿಂದ 35ರಷ್ಟು ಇಳಿಯುವುದು ಸಾಮಾನ್ಯ. ಮದ್ದು ನಿಲ್ಲಿಸಿದರೆ ತೂಕ ಬಹುಮಟ್ಟಿಗೆ ಮರಳುತ್ತದೆ. ಬೈಪಾಸ್‌ನ ಬದಲಾವಣೆ ಒಳಗೇ ಉಳಿಯುತ್ತದೆ. ಬಿಎಂಐ ಬಹಳ ಹೆಚ್ಚಿಲ್ಲದವರು, ಶಸ್ತ್ರಚಿಕಿತ್ಸೆಗೆ ಒಪ್ಪದವರು ಮದ್ದನ್ನು ಮೊದಲು ನೋಡುವುದು ಸರಿಯಾದ ನಿರ್ಧಾರವೇ. ಇವೆರಡೂ ಪರಸ್ಪರ ವೈರಿಗಳಲ್ಲ. ಶಸ್ತ್ರಚಿಕಿತ್ಸೆಯ ಬಳಿಕ ತೂಕ ಮರುಕಳಿಸಿದವರಿಗೆ ಇದೇ ಮದ್ದುಗಳನ್ನು ಕೊಡುವುದುಂಟು.

ಸ್ಲೀವ್ ಒಳ್ಳೆಯದೋ, ಬೈಪಾಸ್ ಒಳ್ಳೆಯದೋ?

ಸ್ಲೀವ್‌ನಲ್ಲಿ ಜಠರದ ಸುಮಾರು ಮುಕ್ಕಾಲು ಭಾಗವನ್ನು ಕತ್ತರಿಸಿ ತೆಗೆದು, ಉಳಿದದ್ದನ್ನು ಕೊಳವೆಯಂತೆ ಬಿಡುತ್ತಾರೆ, ಕರುಳನ್ನು ಮುಟ್ಟುವುದಿಲ್ಲ. ಸರಳ, ಬೇಗ ಮುಗಿಯುತ್ತದೆ, ಪೋಷಕಾಂಶದ ಕೊರತೆಯೂ ಕಡಿಮೆ. ಹಾಗಾಗಿಯೇ ಇಂದು ಜಗತ್ತಿನಲ್ಲಿ ಹೆಚ್ಚು ನಡೆಯುವುದು ಅದು. ಆದರೆ ಎದೆಯುರಿ, ಹುಳಿತೇಗು ಇರುವವರಿಗೆ ಸ್ಲೀವ್ ತೊಂದರೆಯನ್ನು ಹೆಚ್ಚಿಸಬಹುದು. ಬೈಪಾಸ್ ಅದನ್ನು ಸಾಮಾನ್ಯವಾಗಿ ಇಳಿಸುತ್ತದೆ. ಮಧುಮೇಹಕ್ಕೂ ಬೈಪಾಸ್‌ನದು ತುಸು ಮೇಲುಗೈ. ಕ್ರೋನ್ಸ್‌ನಂಥ ಕರುಳಿನ ಕಾಯಿಲೆ ಇರುವವರಿಗೆ, ನೋವಿನ ಮಾತ್ರೆ ಬಿಡಲಾಗದವರಿಗೆ ಸ್ಲೀವ್ ಮೇಲು. ಪರಿಚಿತರು ಯಾವುದು ಮಾಡಿಸಿಕೊಂಡರೋ ಅದೇ ನನಗೂ ಇರಲಿ ಎಂದು ಹೊರಡಬೇಡಿ.

ಮಧುಮೇಹ ಪೂರ್ತಿ ವಾಸಿಯಾಗುತ್ತದೆಯೇ?

‘ವಾಸಿ’ ಎಂದು ಯಾರಾದರೂ ಖಾತರಿ ಕೊಟ್ಟರೆ ಎರಡನೆಯ ಅಭಿಪ್ರಾಯ ಕೇಳಿ. ಟೈಪ್ 2 ಮಧುಮೇಹ ಅನೇಕರಲ್ಲಿ ಶಮನವಾಗುವುದು ನಿಜ. ತೂಕ ಇಳಿಯುವುದಕ್ಕೆ ಮೊದಲೇ, ಕೆಲವೇ ದಿನಗಳಲ್ಲಿ, ಸಕ್ಕರೆ ಹತೋಟಿಗೆ ಬರುವುದನ್ನು ಕಂಡು ಶಸ್ತ್ರವೈದ್ಯರೇ ಬೆರಗಾಗಿದ್ದರು. ಸ್ಟಾಂಪೀಡ್ ಎಂಬ ಅಧ್ಯಯನದ ಐದು ವರ್ಷಗಳ ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಎಚ್‌ಬಿಎ1ಸಿ ಶೇ 6 ಅಥವಾ ಅದಕ್ಕಿಂತ ಕಡಿಮೆ ಇದ್ದವರು ಬೈಪಾಸ್ ಗುಂಪಿನಲ್ಲಿ ಶೇ 29, ಸ್ಲೀವ್ ಗುಂಪಿನಲ್ಲಿ ಶೇ 23, ಬರೀ ಔಷಧದ ಗುಂಪಿನಲ್ಲಿ ಶೇ 5. ಔಷಧಕ್ಕಿಂತ ಬಹಳ ಮೇಲು, ಆದರೆ ಎಲ್ಲರಿಗೂ ಅಲ್ಲ.

ಮಧುಮೇಹ ಬಂದು ಕೆಲವೇ ವರ್ಷಗಳಾಗಿದ್ದು ಇನ್ನೂ ಇನ್ಸುಲಿನ್ ಹಿಡಿಯದವರಿಗೆ ಅವಕಾಶ ಹೆಚ್ಚು. ಹತ್ತಾರು ವರ್ಷ ಇನ್ಸುಲಿನ್ ಮೇಲಿರುವವರ ಮೇದೋಜೀರಕ ಗ್ರಂಥಿಯಲ್ಲಿ ಶಕ್ತಿ ಉಳಿದಿರುವುದೇ ಕಡಿಮೆ. ಅವರಿಗೆ ಮದ್ದಿನ ಪ್ರಮಾಣ ಇಳಿಯಬಹುದು, ಪೂರ್ತಿ ನಿಲ್ಲದಿರಬಹುದು. ಶಮನವಾದ ಮಧುಮೇಹ ವರ್ಷಗಳ ಬಳಿಕ ಮರಳುವುದೂ ಇದೆ. ಆದ್ದರಿಂದ ಕಣ್ಣು, ಮೂತ್ರಪಿಂಡ, ಪಾದಗಳ ತಪಾಸಣೆಯನ್ನು ನಿಲ್ಲಿಸಬೇಡಿ.

ಮೊದಲು ಏನೇನು ತಯಾರಿ ಬೇಕು?

ರಕ್ತಪರೀಕ್ಷೆ, ಎಂಡೊಸ್ಕೋಪಿ, ಹೃದಯ ಮತ್ತು ಶ್ವಾಸಕೋಶದ ತಪಾಸಣೆ, ನಿದ್ದೆಯಲ್ಲಿ ಉಸಿರು ಕಟ್ಟುತ್ತದೆಯೇ ಎಂಬ ಪರೀಕ್ಷೆ, ಆಹಾರತಜ್ಞರು ಮತ್ತು ಮನಶ್ಶಾಸ್ತ್ರಜ್ಞರೊಡನೆ ಮಾತುಕತೆ. ಧೂಮಪಾನವನ್ನು ವಾರಗಳ ಮುಂಚೆಯೇ ಬಿಡಬೇಕು. ಮತ್ತೆ ಹಿಡಿಯಲೂ ಬಾರದು. ಕೊನೆಯ ಎರಡು ವಾರ ಬಹುಪಾಲು ಕಡೆ ಬಹಳ ಕಡಿಮೆ ಕ್ಯಾಲೊರಿಯ ಆಹಾರ ಕೊಡುತ್ತಾರೆ. ಇದು ನಿಮ್ಮ ಶಿಸ್ತಿನ ಪರೀಕ್ಷೆಯಲ್ಲ. ಬೊಜ್ಜಿನಿಂದ ಊದಿದ ಯಕೃತ್ತು ಜಠರದ ಮೇಲೆ ಕವಿದಿರುತ್ತದೆ. ಅದು ಕುಗ್ಗಿದರೆ ಶಸ್ತ್ರವೈದ್ಯರಿಗೆ ಕೆಲಸ ಮಾಡಲು ಜಾಗ ಸಿಗುತ್ತದೆ. ಗುಟ್ಟಾಗಿ ಭರ್ಜರಿ ಊಟ ಮಾಡಿ ಹೋದರೆ ಮೋಸ ಹೋಗುವವರು ನೀವೇ.

ಎಷ್ಟು ಹೊತ್ತು, ಎಷ್ಟು ದಿನ?

ಪೂರ್ಣ ಅರಿವಳಿಕೆಯಲ್ಲಿ ಒಂದೂವರೆಯಿಂದ ಮೂರು ಗಂಟೆ. ಆಸ್ಪತ್ರೆಯಲ್ಲಿ ಒಂದರಿಂದ ಮೂರು ದಿನ. ಅದೇ ದಿನ ಎದ್ದು ನಡೆಸುತ್ತಾರೆ. ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟಬಾರದೆಂದು. ಕುಳಿತು ಮಾಡುವ ಕೆಲಸಕ್ಕೆ ಎರಡು ಮೂರು ವಾರಗಳಲ್ಲಿ ಮರಳಬಹುದು, ಭಾರ ಎತ್ತುವ ಕೆಲಸಕ್ಕೆ ಇನ್ನಷ್ಟು ಕಾಲ ಬೇಕು.

ಜೀವಕ್ಕೆ ಅಪಾಯವಿಲ್ಲವೇ?

ಇಲ್ಲ ಎನ್ನುವುದು ಸುಳ್ಳಾಗುತ್ತದೆ. ಅನುಭವಿ ಕೇಂದ್ರಗಳಲ್ಲಿ ಮೊದಲ 30 ದಿನಗಳಲ್ಲಿ ಸಾಯುವವರು ಸಾವಿರಕ್ಕೆ ಒಬ್ಬರಿಂದ ಮೂವರು. ಪಿತ್ತಕೋಶ ತೆಗೆಯುವಂಥ ಸಾಮಾನ್ಯ ಶಸ್ತ್ರಚಿಕಿತ್ಸೆಗಳ ಅಪಾಯಕ್ಕೆ ಇದನ್ನು ಹೋಲಿಸುತ್ತಾರೆ. ವಯಸ್ಸು, ಹೃದ್ರೋಗ, ಬಹಳ ಹೆಚ್ಚಿನ ಬಿಎಂಐ ಇದ್ದರೆ ಅಪಾಯ ಏರುತ್ತದೆ. ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ, ಚಿಕಿತ್ಸೆ ಪಡೆಯದ ತೀವ್ರ ಬೊಜ್ಜೂ ಆಯುಷ್ಯವನ್ನು ಕಡಿಮೆ ಮಾಡುತ್ತದೆ. 1987ರಲ್ಲಿ ಆರಂಭವಾದ ಸ್ವೀಡನ್ನಿನ ದೀರ್ಘ ಅಧ್ಯಯನದಲ್ಲಿ ಬೊಜ್ಜಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು, ಸಾಮಾನ್ಯ ಚಿಕಿತ್ಸೆಯಲ್ಲಿದ್ದವರಿಗಿಂತ ಕಡಿಮೆ ಪ್ರಮಾಣದಲ್ಲಿ ಸತ್ತರು.

ಆರಂಭದ ದಿನಗಳ ದೊಡ್ಡ ಭಯ ಹೊಲಿಗೆಯ ಸೋರಿಕೆ, ರಕ್ತಸ್ರಾವ, ಶ್ವಾಸಕೋಶಕ್ಕೆ ಹೆಪ್ಪು ಹೋಗುವುದು. ತಿಂಗಳುಗಳ ಬಳಿಕ ಜೋಡಣೆಯ ಜಾಗದಲ್ಲಿ ಹುಣ್ಣು ಏಳಬಹುದು, ಅಥವಾ ಆ ಜಾಗ ಕಿರಿದಾಗಿ ಗಟ್ಟಿ ಆಹಾರ ಇಳಿಯದಿರಬಹುದು. ತೂಕ ಬೇಗನೆ ಇಳಿಯುವಾಗ ಪಿತ್ತಕೋಶದಲ್ಲಿ ಕಲ್ಲು ಕಟ್ಟುವುದುಂಟು. ಅದನ್ನು ತಡೆಯಲು ಅನೇಕ ವೈದ್ಯರು ಆರು ತಿಂಗಳು ಅರ್ಸೊಡಿಯಾಕ್ಸಿಕೋಲಿಕ್ ಆಮ್ಲದ ಮಾತ್ರೆ ಕೊಡುತ್ತಾರೆ. ಮೂತ್ರಪಿಂಡದ ಕಲ್ಲಿನ ಸಾಧ್ಯತೆಯೂ ಹೆಚ್ಚುತ್ತದೆ.

ಆಮೇಲೆ ಏನು ತಿನ್ನಬಹುದು?

ಮೊದಲು ತಿಳಿ ದ್ರವ, ನಂತರ ಗಟ್ಟಿ ದ್ರವ, ಆಮೇಲೆ ನುಣ್ಣಗೆ ಅರೆದದ್ದು, ಮೆತ್ತಗಿನದು. ಆರರಿಂದ ಎಂಟು ವಾರಗಳ ಹೊತ್ತಿಗೆ ಸಾಮಾನ್ಯ ಆಹಾರ. ಅವಸರ ಮಾಡಿದರೆ ವಾಂತಿ, ಇನ್ನೂ ಕೆಟ್ಟದಾದರೆ ಹೊಲಿಗೆಗೆ ಪೆಟ್ಟು.

ಆ ಬಳಿಕದ ನಿಯಮಗಳು ಹೇಳಲು ಸುಲಭ, ಪಾಲಿಸಲು ಕಷ್ಟ. ಮೊದಲ ತುತ್ತು ಪ್ರೋಟೀನಿನದಾಗಿರಲಿ. ದಿನಕ್ಕೆ 60ರಿಂದ 80 ಗ್ರಾಂ ಬೇಕು. ಇಲ್ಲವಾದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಚೆನ್ನಾಗಿ ಅಗಿಯಿರಿ, ನಿಧಾನವಾಗಿ ತಿನ್ನಿ, ಹೊಟ್ಟೆ ‘ಸಾಕು’ ಎಂದ ಕ್ಷಣ ನಿಲ್ಲಿಸಿ; ತಟ್ಟೆಯಲ್ಲಿ ಉಳಿದರೆ ಉಳಿಯಲಿ. ಊಟದ ಜೊತೆ ನೀರು ಬೇಡ, ಅರ್ಧ ಗಂಟೆ ಬಿಟ್ಟು ಕುಡಿಯಿರಿ. ಆದರೆ ದಿನವಿಡೀ ಗುಟುಕು ಗುಟುಕಾಗಿ ಒಂದೂವರೆ ಲೀಟರ್‌ಗಿಂತ ಕಡಿಮೆಯಾಗದಂತೆ ನೋಡಿಕೊಳ್ಳಿ. ಮೊದಲ ತಿಂಗಳಲ್ಲಿ ಆಸ್ಪತ್ರೆಗೆ ಮರಳಿ ಬರುವವರಲ್ಲಿ ಅನೇಕರ ತೊಂದರೆ ಬರೀ ನಿರ್ಜಲೀಕರಣ.

ಸಿಹಿ ತಿಂದರೆ ಮೈ ನಡುಗುತ್ತದಂತೆ, ನಿಜವೇ?

ನಿಜ. ಇದಕ್ಕೆ ಡಂಪಿಂಗ್ ಎನ್ನುತ್ತಾರೆ. ಸಕ್ಕರೆ ಒಮ್ಮೆಲೇ ಕರುಳಿಗೆ ಇಳಿದಾಗ ಅದು ರಕ್ತದಿಂದ ನೀರನ್ನು ಎಳೆದುಕೊಳ್ಳುತ್ತದೆ. ಅರ್ಧ ಗಂಟೆಯೊಳಗೆ ಹೊಟ್ಟೆ ನುಲಿಯುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಬೆವರು, ಭೇದಿ, ಮಲಗಿಬಿಡೋಣ ಎನ್ನುವಷ್ಟು ಸುಸ್ತು. ಅಂಜಿಸುತ್ತದೆಯಾದರೂ ತಾನಾಗಿ ಇಳಿಯುತ್ತದೆ. ಒಮ್ಮೆ ಅನುಭವಿಸಿದವರು ಸಿಹಿಯ ತಂಟೆಗೆ ಹೋಗುವುದಿಲ್ಲವೆಂದು ಕೆಲವು ವೈದ್ಯರು ಇದನ್ನು ಉಪಕಾರವೆಂದೇ ಎಣಿಸುತ್ತಾರೆ.

ಊಟವಾಗಿ ಒಂದರಿಂದ ಮೂರು ಗಂಟೆಯ ನಂತರ ಬರುವ ನಡುಕವೇ ಬೇರೆ. ಇನ್ಸುಲಿನ್ ಅತಿಯಾಗಿ ಹೊಮ್ಮಿ ರಕ್ತದ ಸಕ್ಕರೆ ಕುಸಿದಿರುತ್ತದೆ. ತಲೆ ಸುತ್ತುವುದು, ಗೊಂದಲ, ಪ್ರಜ್ಞೆ ತಪ್ಪುವುದೂ ಆಗಬಹುದು. ವಾಹನ ಓಡಿಸುವವರು ಇದನ್ನು ಕಡೆಗಣಿಸಬಾರದು, ವೈದ್ಯರಿಗೆ ಹೇಳಲೇಬೇಕು.

ವಿಟಮಿನ್ ಮಾತ್ರೆಗಳು ಎಷ್ಟು ವರ್ಷ?

ಬದುಕಿರುವಷ್ಟು ವರ್ಷ. ಇಡೀ ಪುಟದಲ್ಲಿ ಒಂದೇ ಉತ್ತರವನ್ನು ಓದುವುದಾದರೆ ಇದನ್ನು ಓದಿ.

ಕಬ್ಬಿಣಾಂಶ ಮತ್ತು ಕ್ಯಾಲ್ಸಿಯಂ ಹೆಚ್ಚಾಗಿ ಹೀರಿಕೆಯಾಗುವುದು ಸಣ್ಣ ಕರುಳಿನ ಮೊದಲ ಭಾಗದಲ್ಲಿ. ಆಹಾರ ಈಗ ಆ ದಾರಿಯನ್ನೇ ಬಿಟ್ಟಿದೆ. ಬಿ12 ಹೀರಿಕೆಗೆ ಜಠರದ ಆಮ್ಲ ಮತ್ತು ಜಠರ ಸ್ರವಿಸುವ ಒಂದು ಪ್ರೋಟೀನ್ ಬೇಕು. ಅವೆರಡೂ ಆಹಾರಕ್ಕೆ ಸರಿಯಾಗಿ ಸಿಗುವುದಿಲ್ಲ. ಯಕೃತ್ತಿನಲ್ಲಿ ಬಿ12ರ ದಾಸ್ತಾನು ವರ್ಷಗಟ್ಟಲೆ ಇರುವುದರಿಂದ ಕೊರತೆ ಬೇಗ ಗೊತ್ತಾಗುವುದಿಲ್ಲ. ‘ಚೆನ್ನಾಗಿಯೇ ಇದ್ದೇನಲ್ಲ’ ಎಂದು ಮಾತ್ರೆ ಬಿಟ್ಟವರು ಮೂರು ನಾಲ್ಕು ವರ್ಷಗಳ ಬಳಿಕ ಕೈಕಾಲು ಜೋಮು, ಮರೆವು, ರಕ್ತಹೀನತೆಯೊಂದಿಗೆ ಬರುತ್ತಾರೆ. ನರಕ್ಕೆ ಆದ ಹಾನಿ ಪೂರ್ತಿ ಸರಿಹೋಗುತ್ತದೆಂಬ ಭರವಸೆಯಿಲ್ಲ.

ಸಾಮಾನ್ಯವಾಗಿ ಬರೆದುಕೊಡುವುದು: ಪೂರ್ಣ ಪ್ರಮಾಣದ ಮಲ್ಟಿವಿಟಮಿನ್, ದಿನಕ್ಕೆ 1,200ರಿಂದ 1,500 ಮಿಲಿಗ್ರಾಂ ಕ್ಯಾಲ್ಸಿಯಂ, ವಿಟಮಿನ್ ಡಿ, ಕಬ್ಬಿಣಾಂಶ, ಬಿ12 ಮಾತ್ರೆ ಅಥವಾ ತಿಂಗಳಿಗೊಂದು ಚುಚ್ಚುಮದ್ದು. ಆಮ್ಲವಿಲ್ಲದೆಯೂ ಹೀರಿಕೆಯಾಗುವ ಕ್ಯಾಲ್ಸಿಯಂ ಸಿಟ್ರೇಟ್ ಇಲ್ಲಿ ಮೇಲು. ಅದನ್ನು ಒಂದೇ ಸಲಕ್ಕೆ ನುಂಗದೆ ಎರಡು ಮೂರು ಪಾಲು ಮಾಡಿಕೊಳ್ಳಿ. ಕ್ಯಾಲ್ಸಿಯಂ ಮತ್ತು ಕಬ್ಬಿಣದ ಮಾತ್ರೆಗಳ ನಡುವೆ ಎರಡು ಗಂಟೆ ಅಂತರವಿರಲಿ, ಒಂದು ಇನ್ನೊಂದರ ಹೀರಿಕೆಯನ್ನು ತಡೆಯುತ್ತದೆ. ಮುಟ್ಟಾಗುವ ಮಹಿಳೆಯರಿಗೆ ಕಬ್ಬಿಣಾಂಶ ಹೆಚ್ಚು ಬೇಕು. ಮೊದಲ ವರ್ಷ ಕೆಲವು ತಿಂಗಳಿಗೊಮ್ಮೆ, ಬಳಿಕ ವರ್ಷಕ್ಕೊಮ್ಮೆ ರಕ್ತಪರೀಕ್ಷೆ ತಪ್ಪಬಾರದು.

ಇನ್ನೊಂದು ಎಚ್ಚರಿಕೆ. ದಿನಗಟ್ಟಲೆ ವಾಂತಿಯಾಗುತ್ತಿದ್ದರೆ ಥಯಮಿನ್, ಅಂದರೆ ಬಿ1, ವಾರಗಳಲ್ಲೇ ಬರಿದಾಗುತ್ತದೆ. ಕಣ್ಣು ಎರಡೆರಡಾಗಿ ಕಾಣುವುದು, ನಡಿಗೆ ತಪ್ಪುವುದು, ಗೊಂದಲ ಕಂಡರೆ ಅದು ತುರ್ತು. ಥಯಮಿನ್ ಕೊಡುವ ಮೊದಲು ಗ್ಲೂಕೋಸ್ ಏರಿಸುವುದು ಅಪಾಯ ಎಂಬುದನ್ನು ಜೊತೆಯಲ್ಲಿರುವವರು ತಿಳಿದಿರಲಿ.

ಬೇರೆ ಔಷಧಗಳು?

ಐಬುಪ್ರೊಫೆನ್, ಡೈಕ್ಲೊಫೆನಾಕ್, ನೆಪ್ರಾಕ್ಸೆನ್ ಜಾತಿಯ ನೋವಿನ ಮಾತ್ರೆಗಳನ್ನು ಮರೆತುಬಿಡಿ; ಜೋಡಣೆಯ ಜಾಗದಲ್ಲಿ ಹುಣ್ಣು ತರುತ್ತವೆ. ಪ್ಯಾರಾಸಿಟಮಾಲ್ ಆಗಬಹುದು. ಹೊಸ ವೈದ್ಯರ ಬಳಿ ಹೋದಾಗಲೆಲ್ಲ ಬೈಪಾಸ್ ಆಗಿದೆ ಎಂದು ಮೊದಲೇ ಹೇಳಿ, ಅವರು ಕೇಳುವವರೆಗೆ ಕಾಯಬೇಡಿ. ಇನ್ಸುಲಿನ್ ಮತ್ತು ರಕ್ತದೊತ್ತಡದ ಮದ್ದಿನ ಪ್ರಮಾಣವನ್ನು ಆರಂಭದ ವಾರಗಳಲ್ಲೇ ಇಳಿಸಬೇಕಾಗುತ್ತದೆ. ಹಳೆಯ ಚೀಟಿಯಂತೆ ನುಂಗುತ್ತಾ ಹೋದರೆ ಸಕ್ಕರೆ, ಒತ್ತಡ ಎರಡೂ ಕುಸಿದಾವು. ನಿಧಾನವಾಗಿ ಕರಗುವ ಮಾತ್ರೆಗಳು ಸರಿಯಾಗಿ ಕೆಲಸ ಮಾಡದಿರಬಹುದು. ಥೈರಾಯ್ಡ್, ಅಪಸ್ಮಾರ, ಮಾನಸಿಕ ಕಾಯಿಲೆಯ ಮದ್ದುಗಳನ್ನು ಮತ್ತೆ ಹೊಂದಿಸಬೇಕಾಗಬಹುದು.

ಮದ್ಯ, ಸಿಗರೇಟು?

ಸಿಗರೇಟು ಹುಣ್ಣಿಗೆ ನೇರ ದಾರಿ. ಮದ್ಯದ ವಿಷಯದಲ್ಲಿ ಜನ ಮೋಸಹೋಗುವುದು ಹೆಚ್ಚು: ಬೈಪಾಸ್ ಆದ ಮೇಲೆ ಅದು ಬೇಗನೆ ರಕ್ತಕ್ಕೆ ಸೇರುತ್ತದೆ, ಹೆಚ್ಚು ಮಟ್ಟಕ್ಕೆ ಏರುತ್ತದೆ. ಮೊದಲು ಕುಡಿತದ ತೊಂದರೆಯೇ ಇಲ್ಲದವರಲ್ಲಿ ಎರಡನೆಯ ವರ್ಷದ ಬಳಿಕ ಚಟ ಅಂಟಿಕೊಳ್ಳುವುದು ದಾಖಲಾಗಿದೆ.

ಕೂದಲು ಉದುರುತ್ತದೆಯೇ? ಚರ್ಮ ಜೋತು ಬೀಳುತ್ತದೆಯೇ?

ಮೂರರಿಂದ ಆರನೆಯ ತಿಂಗಳಲ್ಲಿ ಕೂದಲು ಉದುರುವುದು ಸಾಮಾನ್ಯ, ಬಹುತೇಕ ಮತ್ತೆ ಬರುತ್ತದೆ. ಜೋತ ಚರ್ಮ ವ್ಯಾಯಾಮದಿಂದ ಪೂರ್ತಿ ಬಿಗಿಯಾಗುವುದಿಲ್ಲ. ಮಡಿಕೆಗಳಲ್ಲಿ ಹುಣ್ಣು, ತುರಿಕೆಯಾದರೆ ಪ್ಲಾಸ್ಟಿಕ್ ಶಸ್ತ್ರಚಿಕಿತ್ಸೆ ಬೇಕಾಗಬಹುದು. ತೂಕ ಸ್ಥಿರವಾದ ಮೇಲೆಯೇ ಅದು.

ಗರ್ಭಧಾರಣೆ ಯಾವಾಗ?

12ರಿಂದ 18 ತಿಂಗಳು ಕಾಯಬೇಕು. ತೂಕ ಇಳಿದಾಗ ಅಂಡೋತ್ಪತ್ತಿ ಸರಿಹೋಗಿ, ವರ್ಷಗಟ್ಟಲೆ ಮಕ್ಕಳಾಗದವರಿಗೂ ಅನಿರೀಕ್ಷಿತವಾಗಿ ಗರ್ಭ ನಿಲ್ಲಬಹುದು. ನುಂಗುವ ಗರ್ಭನಿರೋಧಕ ಮಾತ್ರೆಯನ್ನು ನಂಬಿ ಕೂರದೆ ಕಾಪರ್-ಟಿಯಂಥ ಬೇರೆ ವಿಧಾನದ ಬಗ್ಗೆ ಕೇಳಿ. ಗರ್ಭಿಣಿಯರಿಗೆ ಗ್ಲೂಕೋಸ್ ಕುಡಿಸಿ ಮಾಡುವ ಪರೀಕ್ಷೆ ಡಂಪಿಂಗ್ ತರಬಹುದಾದ್ದರಿಂದ, ಬದಲಿಗೆ ಮನೆಯಲ್ಲೇ ಸಕ್ಕರೆ ನೋಡಿಕೊಳ್ಳುವ ವಿಧಾನವನ್ನು ವೈದ್ಯರು ಸೂಚಿಸುತ್ತಾರೆ.

ತೂಕ ಮರಳಿ ಬರುತ್ತದೆಯೇ?

ಸ್ವಲ್ಪ ಬರುವುದು ಬಹುಪಾಲು ಎಲ್ಲರಿಗೂ ಸಹಜ. ಅದನ್ನು ಸೋಲೆಂದು ಎಣಿಸಬೇಡಿ. ಒಂದೂವರೆ ಎರಡು ವರ್ಷಗಳ ಹೊತ್ತಿಗೆ ತೂಕ ತಳ ಮುಟ್ಟಿ, ಬಳಿಕ ನಿಧಾನವಾಗಿ ಮೇಲೇರಿ ನಿಲ್ಲುತ್ತದೆ. ಹೆಚ್ಚು ಏರಿದರೆ ಕಾರಣ ಹುಡುಕಬೇಕು: ದಿನವಿಡೀ ಕುರುಕಲು, ಸಿಹಿ ಪಾನೀಯ, ಜೋಡಣೆಯ ಬಾಯಿ ಹಿಗ್ಗಿರುವುದು, ತೂಕ ಏರಿಸುವ ಬೇರೆ ಮದ್ದು. ನಾಚಿಕೊಂಡು ವೈದ್ಯರನ್ನು ತಪ್ಪಿಸಿಕೊಂಡು ತಿರುಗಿದರೆ ತೂಕವೂ ಏರುತ್ತದೆ, ಕೊರತೆಗಳೂ ಬಯಲಾಗುವುದಿಲ್ಲ.

ಮನಸ್ಸಿನ ಮೇಲೆ ಪರಿಣಾಮ?

ಹಲವರಿಗೆ ಹಗುರ. ಆದರೆ ದುಃಖ, ಒಂಟಿತನ, ಬೇಸರಕ್ಕೆ ಆಹಾರವನ್ನೇ ಆಸರೆ ಮಾಡಿಕೊಂಡವರಿಗೆ ಆ ಆಸರೆ ಒಮ್ಮೆಲೇ ತಪ್ಪುತ್ತದೆ. ಶಸ್ತ್ರಚಿಕಿತ್ಸೆಯ ಬಳಿಕ ಆತ್ಮಹತ್ಯೆ ಮತ್ತು ಸ್ವಹಾನಿಯ ಪ್ರಮಾಣ ಹೆಚ್ಚಿರುವುದನ್ನು ಅಧ್ಯಯನಗಳು ತೋರಿಸಿವೆ. ‘ಇಷ್ಟು ಸಣ್ಣಗಾಗಿದ್ದೀಯ, ಇನ್ನೇನು ಕೊರತೆ’ ಎಂದು ಮನೆಯವರು ಬಾಯಿ ಮುಚ್ಚಿಸಬಾರದು.

ಬೇಡವೆನಿಸಿದರೆ ಹಿಂದಿನಂತೆ ಮಾಡಬಹುದೇ?

ತಾಂತ್ರಿಕವಾಗಿ ಸಾಧ್ಯ, ಜಠರ ಒಳಗೇ ಇದೆಯಲ್ಲ. ಆದರೆ ಅದು ಮೊದಲನೆಯದಕ್ಕಿಂತ ಕಷ್ಟದ ಶಸ್ತ್ರಚಿಕಿತ್ಸೆ, ತೀರಾ ಅನಿವಾರ್ಯವಾದಾಗ ಮಾತ್ರ. ಮಾಡಿಸಿಕೊಳ್ಳುವಾಗ ಇದು ಶಾಶ್ವತ ಎಂದೇ ತಿಳಿಯಿರಿ.

ಯಾವಾಗ ತಡಮಾಡದೆ ಆಸ್ಪತ್ರೆಗೆ ಹೋಗಬೇಕು?

ಮೊದಲ ವಾರಗಳಲ್ಲಿ ಜ್ವರ, ನಿಲ್ಲದ ಎದೆಬಡಿತ, ಉಸಿರಾಟದ ತೊಂದರೆ, ಕಾಲು ಊತ, ಹೆಚ್ಚುತ್ತಿರುವ ಹೊಟ್ಟೆನೋವು, ಕಪ್ಪು ಮಲ, ನೀರೂ ಉಳಿಯದ ವಾಂತಿ. ಸೋರಿಕೆಯಾದಾಗ ಹೊಟ್ಟೆನೋವಿಗಿಂತ ಮೊದಲು ನಾಡಿ ಏರುವುದುಂಟು, ಆದ್ದರಿಂದ ನಾಡಿ ನಿಮಿಷಕ್ಕೆ 120 ದಾಟಿ ಇಳಿಯದಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ.

ವರ್ಷಗಳ ಬಳಿಕವೂ ಒಂದು ಅಪಾಯ ಉಳಿದಿರುತ್ತದೆ. ತೂಕ ಇಳಿದು ಒಳಗಿನ ಕೊಬ್ಬು ಕರಗಿದಾಗ ಕರುಳಿನ ಹೊಸ ಜೋಡಣೆಯ ಸುತ್ತ ಸಂದುಗಳು ಅಗಲವಾಗಿ, ಕರುಳು ಅದರೊಳಗೆ ನುಸುಳಿ ಸಿಕ್ಕಿಕೊಳ್ಳಬಹುದು. ಊಟದ ನಂತರ ಬಂದು ಹೋಗುವ, ಬೆನ್ನಿಗೆ ಹರಿಯುವ ತೀವ್ರ ನೋವು ಇದರ ಗುರುತು. ಗರ್ಭಿಣಿಯರಲ್ಲಿ ಇದರ ಬಗ್ಗೆ ವಿಶೇಷ ಎಚ್ಚರ ಬೇಕು. ಸ್ಕ್ಯಾನ್ ಸರಿಯಾಗಿದೆ ಎಂದು ಬಂದರೂ ನೋವು ತೀವ್ರವಾಗಿಯೇ ಇದ್ದರೆ, ಬೊಜ್ಜಿನ ಶಸ್ತ್ರಚಿಕಿತ್ಸೆ ತಿಳಿದವರೊಬ್ಬರು ನೋಡುವವರೆಗೆ ಮನೆಗೆ ಹೊರಡಬೇಡಿ.